ಮುಗಿಯದ ಒಂಬತ್ತನೇ ಸುತ್ತು

ಫೆಬ್ರವರಿ 3, ಸೋಮವಾರ

ಸತ್ತವರನ್ನು ಬಡಿದಾಡಿಸಿ ಹೊಟ್ಟೆ ಹೊರೆಯುವ ಕಸುಬು ಲೋಕದಲ್ಲಿ ನನ್ನದೊಂದೇ ಇರಬೇಕು. ನಿನ್ನೆ ಸಂಜೆ ರೇಡಿಯೋದಲ್ಲಿ ಹಡಗುಕಟ್ಟೆಯ ಹಮಾಲ, ಪ್ರೊಫೆಸರ್ ಎಂಬ ಅಡ್ಡಹೆಸರಿನ ಇಬ್ಬರು ಹಳೇ ಬಾಕ್ಸರುಗಳ ನಡುವೆ ಆಟ ಹೂಡಿದೆ. ಹಮಾಲ ಚಾಂಪಿಯನ್ ಆಗಿದ್ದ ಕಾಲಕ್ಕೆ ಪ್ರೊಫೆಸರನ ತಾಯಿ ಇನ್ನೂ ತೊಟ್ಟಿಲಲ್ಲಿದ್ದಳು. ಆದರೂ ಏಳನೇ ಸುತ್ತಿನಲ್ಲಿ ಪ್ರೊಫೆಸರ್ ಅವನ ಗದ್ದಕ್ಕೆ ಹೊಡೆದು ಕೆಡವಿದ. ಅರ್ಧ ಊರು ಬೈಯುತ್ತಿದೆ, ಇನ್ನರ್ಧ ಹೊಗಳುತ್ತಿದೆ. ಬೆಳಿಗ್ಗೆ ಬ್ರೆಡ್ಡು ತರಲು ಹೋದರೆ ಅಂಗಡಿಯವನು, “ಹಮಾಲ ಎಡಕ್ಕೆ ಬಾಗಿದ್ರೆ ತಪ್ಪಿಸ್ಕೋತಿದ್ದ, ನೀವು ಬಾಗಿಸ್ಲಿಲ್ಲ” ಎಂದು ಚಿಲ್ಲರೆ ಕೊಡದೆ ಜಗಳಕ್ಕೇ ನಿಂತ.

ನಾನು ಯಾರನ್ನೂ ಬಾಗಿಸುವುದಿಲ್ಲ. ಮೊದಲೇ ಬರೆದಿಟ್ಟುಕೊಂಡು ಓದಿದರೆ ಅದು ನಾಟಕ, ಕಾಮೆಂಟರಿ ಅಲ್ಲ. ಸ್ಟುಡಿಯೋದಲ್ಲಿ ಕೂತು ಕಣ್ಣು ಮುಚ್ಚುತ್ತೇನೆ. ಸದ್ದಿನವನು ಜನರ ಗದ್ದಲ ಹಾಕುತ್ತಾನೆ, ನಮ್ಮ ಕ್ಲಬ್ಬಿನ ಗಂಟೆಯ ಸದ್ದು ಹಾಕುತ್ತಾನೆ. ಆಗ ರಿಂಗು ಕಾಣುತ್ತದೆ. ಕಂಡದ್ದನ್ನು ಹೇಳುತ್ತೇನೆ. ಯಾರು ಗೆಲ್ಲುತ್ತಾರೆಂದು ಕೊನೆಯ ಏಟಿನ ತನಕ ನನಗೂ ಗೊತ್ತಿರುವುದಿಲ್ಲ. ಜನ ನನ್ನನ್ನು ಮಾತಿನಮಲ್ಲ ಎನ್ನುವುದು ಸುಮ್ಮನೆ ಅಲ್ಲ.

ನಿಜವಾದ ಆಟಗಳ ಕಾಮೆಂಟರಿಯನ್ನೆಲ್ಲ ಟೀವಿಯವರು ಕ್ರಾಪು ಚೆನ್ನಾಗಿರುವ ಇನ್ನೊಬ್ಬನಿಗೆ ಕೊಟ್ಟು ಬಹಳ ಕಾಲವಾಯಿತು. ನನಗೆ ಉಳಿದಿರುವುದು ಭಾನುವಾರ ಆರರಿಂದ ಏಳರವರೆಗಿನ ಈ ಒಂದು ಗಂಟೆ ಮಾತ್ರ. ಅದಕ್ಕೂ ಇವತ್ತು ಕಲ್ಲು ಬಿತ್ತು. ಕಾರ್ಯಕ್ರಮದ ನಿರ್ಮಾಪಕಿ ಕರೆಸಿ, ಬರುವ ತಿಂಗಳಿಂದ ಆ ಹೊತ್ತಿಗೆ ಹಾಡು ಹಾಕುತ್ತಾರಂತೆ ಎಂದಳು. “ಒಂದು ದೊಡ್ಡ ಆಟ ಕೊಡಿ, ಉಳಿಸ್ಕೊಳ್ಳೋಕೆ ನೋಡ್ತೀನಿ. ಕಮ್ಮಾರ ಮತ್ತು ಗಡಿಯಾರ.”

ಕಮ್ಮಾರ ನಮ್ಮ ತಾತಂದಿರ ಕಾಲದ ಚಾಂಪಿಯನ್. ಸೋಲೇ ಕಾಣದೆ ಸತ್ತವನು. ಗಡಿಯಾರ ಕೂಡ ಸೋತವರಲ್ಲ. ಆದರೆ ಸತ್ತಿಲ್ಲ. ಅವರು ನನ್ನ ಅಕ್ಕನ ಗಂಡ, ಇದೇ ಮನೆಯಲ್ಲಿ ಕೆಳಗಡೆ ಇದ್ದಾರೆ. ಈಗ ತಾನೇ ಕನ್ನಡಕವನ್ನು ಮೂಗಿನ ಮೇಲಿಟ್ಟುಕೊಂಡು ಕನ್ನಡಕ ಹುಡುಕುತ್ತಿದ್ದರು.

ಫೆಬ್ರವರಿ 4, ಮಂಗಳವಾರ

ಊಟದ ಹೊತ್ತಿಗೆ ವಿಷಯ ತೆಗೆದೆ. ಅಕ್ಕ ಸೌಟು ಕೆಳಗಿಟ್ಟಳು.

“ಸತ್ತೋರನ್ನ ಸತ್ತೋರ ಜೊತೆ ಆಡಿಸ್ಕೋ. ನನ್ನ ಗಂಡ ಬದುಕಿದಾರೆ.”

“ಅದು ಬರೀ ಮಾತು ಅಕ್ಕ.”

“ನಿಂಗೆ ಮಾತು. ಅವರಿಗೆ ರೇಡಿಯೋದಲ್ಲಿ ಬಂದಿದ್ದೆಲ್ಲಾ ನಿಜ. ಮೊನ್ನೆ ಹವಾಮಾನ ವರದಿ ಕೇಳಿ ಕೊಡೆ ಹಿಡ್ಕೊಂಡು ಬಚ್ಚಲಿಗೆ ಹೋದ್ರು.”

ಭಾವ ನಕ್ಕರು. ಅವರ ಬಲಗೈ ನಡುಗುತ್ತದೆ, ಅದಕ್ಕೇ ಅವರ ಚಹಾ ಲೋಟಕ್ಕೆ ನಾನು ಅರ್ಧ ಮಾತ್ರ ಸುರಿಯುತ್ತೇನೆ. ತಲೆಗೆ ಬಿದ್ದ ಏಟುಗಳೆಲ್ಲ ಈಗ ಬಡ್ಡಿ ಕೇಳುತ್ತಿವೆ ಎಂದು ಡಾಕ್ಟರು ಹೇಳುತ್ತಾರೆ. ಇನ್ನೊಂದು ಏಟು ತಡೆಯುವ ಶಕ್ತಿ ಆ ತಲೆಗಿಲ್ಲವಂತೆ, ಬಾಗಿಲಿಗೆ ತಾಗಿದರೂ ಅಪಾಯವಂತೆ. ಅಕ್ಕ ಮನೆಯ ಮೇಜುಗಳ ಮೂಲೆಗಳಿಗೆಲ್ಲ ಬಟ್ಟೆ ಸುತ್ತಿ ಹೊಲಿದಿದ್ದಾಳೆ.

“ಕಮ್ಮಾರ ಎಡಗೈಯವನು,” ಎಂದರು ಭಾವ. “ಅಂಥ ಎಡಗೈಯವನು ನಂಗೆ ಸಿಗ್ಲೇ ಇಲ್ಲ. ಕರಿ ಅವನ್ನ.”

ಎಷ್ಟೋ ದಿನಗಳ ಮೇಲೆ ಅವರ ಕಣ್ಣಲ್ಲಿ ಬೆಳಕು ಕಂಡೆ. ಅಕ್ಕ ಎದ್ದು ಹೋದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನಾಳೆಗೆ ಸರಿಹೋಗುತ್ತದೆ.

ಫೆಬ್ರವರಿ 6, ಗುರುವಾರ

ಅಕ್ಕ ಬೀದಿ ಕೊನೆಯ ತನ್ನ ಹೊಲಿಗೆ ಅಂಗಡಿಗೆ ಹೋದ ಮೇಲೆ ಕೆಳಗಿಳಿದು ಕ್ಲಬ್ಬಿನ ಹಾಲಿನಲ್ಲಿ ಕಮ್ಮಾರನ ಫೋಟೋ ಮುಂದೆ ನಿಂತೆ. ಅಪ್ಪ ನಡೆಸುತ್ತಿದ್ದ ಕ್ಲಬ್ಬು ಇದು. ಈಗ ಯಾರೂ ಬರುವುದಿಲ್ಲ. ಹಗ್ಗ ಸಡಿಲವಾದ ರಿಂಗು, ಹೊಟ್ಟೆ ಒಡೆದ ಮರಳು ಚೀಲ, ತೊಲೆಯಿಂದ ಇಳಿಬಿಟ್ಟ ರೈಲು ಕಂಬಿಯ ತುಂಡು, ಅದನ್ನು ಬಾರಿಸುವ ಕಬ್ಬಿಣದ ಸಲಾಕೆ. ಆ ಕಂಬಿಯೇ ನಮ್ಮ ಗಂಟೆ. ರೈಲು ಕಾರ್ಖಾನೆಯ ಕುಲುಮೆಯಲ್ಲಿದ್ದ ಕಮ್ಮಾರನೇ ತಂದು ಕಟ್ಟಿದ್ದು.

ಅವನ ಕೊನೆಯ ಆಟದ ಕಥೆ ಅಪ್ಪ ಹೇಳುತ್ತಿದ್ದರು. ಸುತ್ತಿನ ನಡುವೆ ದೀಪ ಹೋಯಿತು, ಜನ ನೂಕಾಡಿ ಓಡಿದರು, ಸುತ್ತು ಮುಗಿಸುವ ಗಂಟೆಯನ್ನು ಯಾರೂ ಹೊಡೆಯಲಿಲ್ಲ. ಕಮ್ಮಾರ ಮನೆಗೆ ಹೋದ, ಆದರೆ ಕೈ ಇಳಿಸಲಿಲ್ಲ, ಕೂರಲಿಲ್ಲ, ಮಲಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಕುಲುಮೆಯ ಮುಂದೆ ನಿಂತಂತೆಯೇ ಬಿದ್ದು ಸತ್ತ. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟು. ಆಡುವ ಮಗು ಗಂಟೆ ಹೊಡೆದರೂ ದೊಡ್ಡವರು ಎದ್ದು ಬಂದು ಅದರ ಜೋಡಿ ಗಂಟೆ ಹೊಡೆಯಲೇಬೇಕು. ತೆರೆದ ಸುತ್ತನ್ನು ಮುಚ್ಚದೆ ಬಿಡಬಾರದು.

ಸತ್ತವನು ಸರಿಯಾಗಿ ಕಾಣಬೇಕಾದರೆ ಅವನು ನಿಲ್ಲುತ್ತಿದ್ದಂತೆ ನಿಂತು ನೋಡಬೇಕು, ಅದು ನನ್ನ ಪದ್ಧತಿ. ಬಲಗಾಲು ಮುಂದೆ, ಎಡ ಮುಷ್ಟಿ ಗದ್ದದ ಕೆಳಗೆ. ಹಮಾಲನನ್ನು ಹಿಡಿಯಲು ಎರಡು ದಿನ ಒದ್ದಾಡಿದ್ದೆ. ಇವನು ನಿಂತ ತಕ್ಷಣ ಸಿಕ್ಕ. ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಸಲೀಸಾಗಿ ಕೂತ.

ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಭುಜ ಇನ್ನೂ ಸ್ವಲ್ಪ ಇಳಿಸು” ಎಂದರು. ಎಷ್ಟು ವರ್ಷ ಇದೇ ಹಾಲಿನಲ್ಲಿ ಅವರ ಅಭ್ಯಾಸಕ್ಕೆ ಎದುರಾಳಿಯಾಗಿ ನಿಂತಿದ್ದೇನೋ. ಏಟು ತಿನ್ನುವುದು ನನ್ನ ಕೆಲಸ. ಅವರ ಮುಖಕ್ಕೆ ಗಟ್ಟಿಯಾಗಿ ಹೊಡೆಯಬಾರದೆಂದು ಅಪ್ಪನ ಅಪ್ಪಣೆ. ಒಂದು ಸಲವೂ ಹೊಡೆದಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂದು ನಗುತ್ತಾ ಹಲ್ಲು ಕಟ್ಟಿಸಿಕೊಂಡವನು ನಾನು.

ಫೆಬ್ರವರಿ 9, ಭಾನುವಾರ

ಇಂಥ ಆಟವನ್ನು ನನ್ನ ಜನ್ಮದಲ್ಲಿ ನೋಡಿಲ್ಲ. ಕಣ್ಣು ಮುಚ್ಚಿದ್ದೇ ತಡ, ರಿಂಗಿನ ಹಲಗೆಯ ಧೂಳು ಕೂಡ ಕಂಡಿತು. ಭಾವ ಮೂವತ್ತರ ಪ್ರಾಯದಲ್ಲಿದ್ದರು. ಟಿಕ್, ಟಿಕ್, ಟಿಕ್, ಅದೇ ಬಲಗೈ, ಅದೇ ಲಯ, ಆ ಹೆಸರು ಬಂದದ್ದೇ ಅದಕ್ಕೆ. ನಾಲ್ಕು ಸುತ್ತು ಕಮ್ಮಾರನನ್ನು ಹತ್ತಿರ ಸೇರಿಸಲಿಲ್ಲ. ಐದರಲ್ಲಿ ಕಮ್ಮಾರ ಒಳಗೆ ನುಗ್ಗಿದ. ಹಣೆಯನ್ನು ಭಾವನ ಭುಜಕ್ಕೆ ಒತ್ತಿ ಎಡಗೈಯಿಂದ ಪಕ್ಕೆಗೆ ಇಕ್ಕತೊಡಗಿದ. ತಗ್ಗಿ, ನಿಧಾನವಾಗಿ, ಒಂದೇ ಜಾಗಕ್ಕೆ. ಕಾದ ಕಬ್ಬಿಣಕ್ಕೆ ಹೊಡೆಯುವವನಿಗೆ ಆತುರ ಇರುವುದಿಲ್ಲ.

ಒಂಬತ್ತನೇ ಸುತ್ತಿನ ಗಂಟೆ ಮೊಳಗಿತು. ಇಬ್ಬರೂ ನಡುವಿಗೆ ಬಂದರು. ಆಗ ನಿರ್ಮಾಪಕಿ ನನ್ನ ಭುಜ ತಟ್ಟಿದಳು. ಏಳು ಗಂಟೆಯ ವಾರ್ತೆ. ವಾರ್ತೆಗೆ ಯಾರ ದಾಕ್ಷಿಣ್ಯವೂ ಇಲ್ಲ. ಮಾತು ಬಾಯಲ್ಲೇ ಉಳಿಯಿತು, ಸುತ್ತು ಮುಗಿಸುವ ಗಂಟೆಯೂ ಉಳಿಯಿತು.

“ಇದೇ ಒಳ್ಳೇದಾಯ್ತು,” ಎಂದಳು. “ವಾರವಿಡೀ ಊರು ಇದನ್ನೇ ಮಾತಾಡಲಿ. ಮುಂದಿನ ಭಾನುವಾರ ಇಲ್ಲಿಂದಲೇ ಎತ್ಕೊಳ್ಳಿ.”

ಜೋಡಿ ಗಂಟೆಯ ವಿಷಯ ನಾಲಿಗೆಗೆ ಬಂತು. ಓದಿದವಳು, ನಗುತ್ತಾಳೆ ಅನ್ನಿಸಿ ನುಂಗಿಕೊಂಡೆ.

ಫೆಬ್ರವರಿ 10, ಸೋಮವಾರ

ಬೆಳಿಗ್ಗೆ ಭಾವ ಚಹಾಕ್ಕೆ ಕೂರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತೇ ಕುಡಿದರು. ರಾತ್ರಿಯೂ ಮಲಗಲಿಲ್ಲವಂತೆ. ಅಕ್ಕನ ಕಣ್ಣು ಕೆಂಪಾಗಿತ್ತು.

“ಗಂಟೆ ಆಗಿಲ್ವಲ್ಲ,” ಎಂದರು ಭಾವ, ಬಹಳ ಸೌಮ್ಯವಾಗಿ, ಮಕ್ಕಳಿಗೆ ತಿಳಿಹೇಳುವವರ ಹಾಗೆ. “ಆಗೋ ತನಕ ಕೂರೋ ಹಾಗಿಲ್ಲ.”

ಅಕ್ಕ ನನ್ನ ಕಡೆ ನೋಡಿದಳು. ನಾನು ಬ್ರೆಡ್ಡಿನ ಕಡೆ ನೋಡಿದೆ. ಭಾವನಿಗೆ ಏನಾದರೂ ಆದರೆ ನನ್ನನ್ನು ನಾನೇ ಕ್ಷಮಿಸಲಾರೆ.

ಫೆಬ್ರವರಿ 11, ಮಂಗಳವಾರ

ರೇಡಿಯೋ ನಿಲಯಕ್ಕೆ ಚೀಲದ ತುಂಬ ಕಾಗದ ಬಂದಿವೆ. ಎಲ್ಲರೂ ಗಡಿಯಾರ ಗೆಲ್ಲಲಿ ಎನ್ನುವವರೇ. ಕಮ್ಮಾರನ ಕಡೆ ಒಬ್ಬರಾದರೂ ಬೇಡವೇ? ಪಾಪ, ಅವನ ಆಟ ನೋಡಿದವರು ಯಾರೂ ಉಳಿದಿಲ್ಲ. ಇರುವವನು ನಾನೊಬ್ಬ.

ಮಧ್ಯಾಹ್ನ ಊಟ ಮಾಡಿ ಮಲಗಿದವನು ಸಂಜೆಗೆ ಎದ್ದೆ. ಮೂಟೆ ಹೊತ್ತವನ ಹಾಗೆ ಮೈಯೆಲ್ಲ ನೋವು. ಅಕ್ಕ ಅಂಗಡಿಯಿಂದ ಬಂದಾಗ ಭಾವ ಹಾಲಿನಲ್ಲಿ ನಿಂತಿದ್ದರಂತೆ, ಬಲ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು. ಅಂಗಿ ಎತ್ತಿ ನೋಡಿದರೆ ಅಂಗೈ ಅಗಲ ನೀಲಿಗಟ್ಟಿದೆ. ಬಾಗಿಲಿಗೆ ತಾಗಿಸಿಕೊಂಡಿರಬೇಕು. ಆ ಬಾಗಿಲಿಗೂ ಬಟ್ಟೆ ಹೊಲಿ ಎಂದು ತಮಾಷೆ ಮಾಡಿದೆ. ಅಕ್ಕ ನಗಲಿಲ್ಲ.

ಫೆಬ್ರವರಿ 12, ಬುಧವಾರ

ಡಾಕ್ಟರು ಬಂದು ಹೋದರು. ಪಕ್ಕೆ ಮುರಿದಿಲ್ಲ. “ಇದು ಬಾಗಿಲಲ್ಲ,” ಎಂದರಂತೆ ಅಕ್ಕನ ಹತ್ತಿರ. “ಒಂದೇ ಜಾಗದಲ್ಲಿ ಎಷ್ಟೋ ಸಲ ಬಿದ್ದಿದೆ.” ಡಾಕ್ಟರುಗಳಿಗೆ ಏನಾದರೊಂದು ಹೇಳಬೇಕಲ್ಲ.

ಅಕ್ಕ ನನ್ನ ಕೋಣೆಗೆ ಬಂದು ಕಿಟಕಿ ತೆಗೆದಳು. “ಏನಿದು ಇದ್ದಿಲಿನ ವಾಸನೆ?” ಎಂದಳು. ನನಗೇನೂ ಬರಲಿಲ್ಲ. ಆಮೇಲೆ ನನ್ನ ಕೈ ನೋಡಿದಳು.

“ಗೆಣ್ಣು ಯಾಕೆ ಸುಲಿದಿದೆ?”

“ಗೊತ್ತಿಲ್ಲ. ಮರಳು ಚೀಲಕ್ಕೆ ಎರಡು ಏಟು ಹಾಕಿದ್ದೆ ಅನ್ಸುತ್ತೆ.”

“ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?”

“ಮಲಗಿದ್ದೆ.”

“ಬೂಟು ಹಾಕ್ಕೊಂಡು?”

ನೋಡಿದರೆ ಹೌದು, ಕಾಲಲ್ಲಿ ಬೂಟು. ಮಂಚದ ಮೇಲೆ ಕೂತು ಬರೆಯುತ್ತಿದ್ದೆ, ತೆಗೆಯಲು ಮರೆತಿರಬೇಕು. “ಮತ್ತೆ ಯಾವಾಗಿಂದ ಎಡಗೈಲಿ ಬರೀತೀಯ?” ಎಂದಳು. ಬಲಗೈ ಜೋಮು ಹಿಡಿದಿದೆ ಎಂದೆ. ಸಣ್ಣಂದಿನಿಂದಲೂ ಇವಳಿಗೆ ಎಲ್ಲದಕ್ಕೂ ಪ್ರಶ್ನೆ.

ಫೆಬ್ರವರಿ 13, ಗುರುವಾರ

ಬೆಳಿಗ್ಗೆ ಕೆಳಗಿನಿಂದ ಕಂಬಿಯ ಸದ್ದು ಕೇಳಿ ಇಳಿದು ಹೋದೆ. ಅಕ್ಕ ಸಲಾಕೆ ಹಿಡಿದು ಗಂಟೆ ಬಾರಿಸುತ್ತಿದ್ದಳು, ಒಂದು ಸಲ, ಎರಡು ಸಲ, ಕೊನೆಗೆ ಹುಚ್ಚು ಹಿಡಿದವಳ ಹಾಗೆ. ಭಾವ ಎದುರಿಗೆ ಕೈ ಎತ್ತಿ ನಿಂತಿದ್ದ. ಇಳಿಸಲಿಲ್ಲ.

“ಇದು ಆ ಗಂಟೆ ಅಲ್ಲ ಕಣೇ,” ಎಂದ. “ಆಟ ರೇಡಿಯೋದಲ್ಲಿ ನಡೀತಿದೆ. ಅಲ್ಲಿ ಹೊಡೀಬೇಕು.”

ಅಕ್ಕ ಸಲಾಕೆ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಬೆರಳು ತಣ್ಣಗಿತ್ತು. “ಭಾನುವಾರ ಶುರುವಿಗೇ ಗಂಟೆ ಹೊಡೆಸಿಬಿಡು. ಮಿಕ್ಕಿದ್ದು ಬೇಡ. ಯಾರು ಗೆದ್ರೂ ಬೇಡ. ಇವರು ಇನ್ನೊಂದು ವಾರ ಹೀಗೆ ನಿಂತಿರಲಾರರು.”

ಆಗಲಿ ಎಂದೆ. ಆದರೆ ಗೆಲ್ಲುತ್ತಿರುವವನನ್ನು ಅರ್ಧಕ್ಕೆ ನಿಲ್ಲಿಸುವುದು ಯಾವ ನ್ಯಾಯ? ಅವನಿಗೆ ಹೀಗೆ ಒಂದು ಸಲ ಆಗಲೇ ಆಗಿದೆ.

ಫೆಬ್ರವರಿ 14, ಶುಕ್ರವಾರ

ಮೆಟ್ಟಿಲ ಕೆಳಗಿನ ಬಾಗಿಲಿಗೆ ಅಕ್ಕ ಬೀಗ ಹಾಕಿಸಿದ್ದಾಳೆ. ಅಂಗಡಿಗೂ ಹೋಗುತ್ತಿಲ್ಲ. ಇದ್ದಕ್ಕಿದ್ದಂತೆ ಕಳ್ಳರ ಭಯ ಬಂದಿರಬೇಕು. ಊಟವನ್ನು ತಟ್ಟೆಯಲ್ಲಿ ಮೆಟ್ಟಿಲ ಮೇಲಿಟ್ಟು ಹೋದಳು. ನಾನು ಬೀದಿಗೆ ಇಳಿಯಬೇಕಾದರೆ ಹೊರಗಿನ ಮೆಟ್ಟಿಲು ಬಳಸಬೇಕು.

ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಆ ಬಾಗಿಲ ಮುಂದೆ ನಿಂತಿದ್ದೆ. ಹಲಗೆ ಒಂದು ಕಡೆ ತಗ್ಗು ಬಿದ್ದಿತ್ತು. ಹಳೆಯ ಮರ, ಗೆದ್ದಲು ಹಿಡಿದಿರಬೇಕು. ಒಳಗಿನಿಂದ ಅಕ್ಕ ಅಳುವ ಸದ್ದು ಕೇಳಿಸಿತು. ಯಾಕೆ ಅಂತ ಕೇಳೋಣವೆಂದುಕೊಂಡೆ, ಆಮೇಲೆ ಮರೆತೆ.

ಫೆಬ್ರವರಿ 15, ಶನಿವಾರ

ಎಡಗೈ ಚೆನ್ನಾಗಿದೆ. ಚಳಿ ಎನ್ನುತ್ತಾರೆ ಜನ. ನನಗೆ ಸೆಖೆ.

ಫೆಬ್ರವರಿ 16, ಭಾನುವಾರ

ಬೇಗ ಹೋದೆ. ಗಂಟೆಯ ಸದ್ದನ್ನು ನಾನು ಹೇಳುವ ತನಕ ಹಾಕಬೇಡ ಎಂದು ಸದ್ದಿನವನಿಗೆ ಮೊದಲೇ ತಾಕೀತು ಮಾಡಿದೆ. ಅಕ್ಕನಿಗೆ ಕೊಟ್ಟ ಮಾತು ನೆನಪಿತ್ತು. ಕೊಟ್ಟವನು ಬೇರೆ ಯಾರೋ ಅನ್ನಿಸುವಷ್ಟು ದೂರದಲ್ಲಿತ್ತು. ನಿರ್ಮಾಪಕಿ ಹೊಸ ಏರ್ಪಾಡು ಮಾಡಿದ್ದಳು, ಕೇಳುಗರು ಫೋನು ಮಾಡಿ ನೇರವಾಗಿ ತಮ್ಮವನನ್ನು ಹುರಿದುಂಬಿಸಬಹುದು. ಏನಾದರೂ ಮಾಡಿಕೋ ಎಂದೆ.

ಕಣ್ಣು ಮುಚ್ಚಿದೆ. ರಿಂಗು ಬಂತು, ಜನ ಬಂದರು, ಗಡಿಯಾರ ಕಂಡ. ಕಮ್ಮಾರನನ್ನು ಹುಡುಕಿದೆ, ಎಲ್ಲೂ ಇಲ್ಲ. ಮೂಲೆಯಲ್ಲಿಲ್ಲ, ಹಗ್ಗದ ಹತ್ತಿರ ಇಲ್ಲ. ಗಡಿಯಾರ ಮಾತ್ರ ನೇರವಾಗಿ ನನ್ನನ್ನೇ ನೋಡುತ್ತಿದ್ದ, ಉಸಿರು ತಾಗುವಷ್ಟು ಹತ್ತಿರ. ಕೆಳಗೆ ನೋಡಿದರೆ ಎರಡು ಗ್ಲೌಸು, ಬಲದ್ದು ಮುಂದೆ, ಎಡದ್ದು ಹಿಂದೆ.

ಹೇಳುತ್ತಾ ಹೋದೆ. ಅಷ್ಟು ಸಲೀಸಾಗಿ ಮಾತು ಎಂದೂ ಬಂದಿರಲಿಲ್ಲ. ಪಕ್ಕೆಗೆ ಒಂದು, ಅದೇ ಜಾಗಕ್ಕೆ ಇನ್ನೊಂದು. ಅವನ ಮೊಣಕೈ ಕೆಳಗೆ ಬಂತು, ಬರಲೇಬೇಕಿತ್ತು, ಗದ್ದ ಬಯಲಾಯಿತು. ಮುದಿ ಗದ್ದ, ಬಿಳಿ ಕುರುಚಲು ಗಡ್ಡ, ಚಹಾ ಕುಡಿಯುವಾಗ ನಡುಗುವ ಗದ್ದ. ಮೂವತ್ತರ ಪ್ರಾಯದವನು ಎಲ್ಲಿ ಹೋದ ಎಂದು ಒಂದು ಗಳಿಗೆ ಆಶ್ಚರ್ಯವಾಯಿತು. ಆದರೇನು, ಜೀವಮಾನದಲ್ಲಿ ಒಂದು ಸಲವೂ ಮುಟ್ಟಬಾರದು ಎಂದಿದ್ದ ಮುಖ ಎದುರಿಗಿತ್ತು, ಬೇಡ ಎನ್ನುವವರು ಯಾರೂ ಇರಲಿಲ್ಲ. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ, ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಎಡಗೈ ಹಿಂದಕ್ಕೆ ಎಳೆದೆ.

ಆಗ ಗಂಟೆ ಹೊಡೆಯಿತು.

ಸದ್ದಿನವನದಲ್ಲ. ಫೋನಿನಿಂದ ಬಂದದ್ದು, ನಿರ್ಮಾಪಕಿ ಯಾರೋ ಕೇಳುಗರೆಂದು ಗಾಳಿಗೆ ಬಿಟ್ಟಿದ್ದಳು. ಮಾತಿಲ್ಲ, ಬರೀ ಕಂಬಿಯ ಸದ್ದು, ಒಂದೇ ಒಂದು ಏಟು. ನಮ್ಮ ಕ್ಲಬ್ಬಿನ ಕಂಬಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ, ಅದನ್ನು ಕಟ್ಟಿದ ಕೈ ಅಲ್ಲವೇ. ಕಣ್ಣು ತೆರೆದೆ. ಮೈಕು ನೆಲದ ಮೇಲೆ ಎರಡು ತುಂಡಾಗಿತ್ತು. ಸದ್ದಿನವನು ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದ, ಮೂಗಿನ ರಕ್ತ ಒರೆಸಿಕೊಳ್ಳುತ್ತಾ. ಫೋನಿನಲ್ಲಿ ಹೆಂಗಸೊಬ್ಬಳ ದನಿ, “ಕೂತ್ಕೊಳ್ಳಿ, ಗಂಟೆ ಆಯ್ತು, ಕೂತ್ಕೊಳ್ಳಿ” ಎಂದು ಯಾರಿಗೋ ಹೇಳುತ್ತಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗಂಟೆ ಗಂಟೆಯೇ, ನಿಯಮ ಮೀರಬಾರದು. ಕೈ ಇಳಿಸಿದೆ.

ಫೆಬ್ರವರಿ 17, ಸೋಮವಾರ

ರೇಡಿಯೋದವರು ಇನ್ನು ಬರಬೇಡಿ ಎಂದು ಹೇಳಿ ಕಳುಹಿಸಿದ್ದಾರೆ. ಏನೂ ಅನ್ನಿಸಲಿಲ್ಲ. ಮಾತಾಡುವವನ ಕೆಲಸ, ಯಾರೋ ಮಾಡಿಕೊಂಡು ಹೋಗುತ್ತಾರೆ.

ಬೆಳಿಗ್ಗೆ ಹೊರಗಿನ ಮೆಟ್ಟಿಲಿಳಿದು ಹಾಲಿನ ಕಿಟಕಿಯಿಂದ ನೋಡಿದೆ. ಗಡಿಯಾರ ಕೂತಿದ್ದಾನೆ. ರಿಂಗಿನ ಪಕ್ಕದ ಸ್ಟೂಲಿನ ಮೇಲೆ, ಕಾಲು ಚಾಚಿ, ಎರಡೂ ಕೈ ತೊಡೆಯ ಮೇಲಿಟ್ಟು. ನಿನ್ನೆ ಸಂಜೆಯಿಂದ ಬೆಳಗಿನ ತನಕ ಮಗುವಿನ ಹಾಗೆ ಮಲಗಿದ್ದನಂತೆ, ಹೆಂಡತಿ ಪಕ್ಕದ ಮನೆಯವಳಿಗೆ ಹೇಳುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮುಗಿಯಿತು, ಇನ್ನೇನೂ ಆಗಲ್ಲ ಎಂದು ನಕ್ಕಳು. ಅವಳು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಅವನು ನನ್ನನ್ನು ಕಿಟಕಿಯಲ್ಲಿ ಕಂಡ. ಗುರುತು ಹಿಡಿದು ತಲೆಯಾಡಿಸಿದ. “ಚೆನ್ನಾಗಿ ಹೊಡೀತೀಯ ಕಮ್ಮಾರ,” ಎಂದ. “ಸ್ವಲ್ಪ ಸುಧಾರಿಸ್ಕೋತೀನಿ.”

ಒಳ್ಳೆಯ ಆಟಗಾರ. ಸುಧಾರಿಸಿಕೊಳ್ಳಲಿ. ಮುಗಿದದ್ದು ಒಂಬತ್ತನೇ ಸುತ್ತು ಅಷ್ಟೇ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅವಳಿಗೆ ಮಾತ್ರ ಗೊತ್ತಿಲ್ಲ. ಅಥವಾ ಗೊತ್ತಿದೆಯೋ ಏನೋ, ಕಂಬಿಯ ಪಕ್ಕದ ಮೊಳೆಯಲ್ಲಿ ಸಲಾಕೆ ಇಲ್ಲ. ಎಲ್ಲೋ ಬಚ್ಚಿಟ್ಟಿದ್ದಾಳೆ.

ನಗು ಬಂತು. ಬಚ್ಚಿಟ್ಟಿರುವುದು ಒಂದು ಕಬ್ಬಿಣದ ತುಂಡು, ಅದೂ ನನ್ನಿಂದ. ಹಿತ್ತಲಲ್ಲಿ ಒಲೆ ಹೂಡಿದ್ದೇನೆ, ಇದ್ದಿಲು ಕೆಂಪಾಗಿದೆ, ಹಳೆಯ ಗೇಟಿನ ಒಂದು ಸರಳು ಸಾಕು. ಸಂಜೆಗೆ ಹೊಸ ಸಲಾಕೆ ಆಗುತ್ತದೆ, ಹತ್ತನೇ ಸುತ್ತಿನ ಗಂಟೆಗೆ. ಇಷ್ಟು ವರ್ಷ ಬಿಟ್ಟರೂ ಕೈ ಮರೆತಿಲ್ಲ.